ಸಿಗರೇಟ್ ಬಿಡೋಕೆ ಯಾವ ದಾರಿ ಯಾರಿಗೆ? ಕಲಬುರಗಿಯ ಓದುವ ಹುಡುಗರಿಗಾಗಿ ಒಂದು ಹೋಲಿಕೆ

ಕಲಬುರಗಿಯಲ್ಲಿ ನಾನೊಂದು ರೀಡಿಂಗ್ ರೂಮ್ ನಡೆಸುತ್ತೇನೆ. 60 ಕುರ್ಚಿ, ಎರಡು ಕೂಲರ್, ಬೆಳಗ್ಗೆ 6ರಿಂದ ರಾತ್ರಿ 11ರವರೆಗೆ. ಜೇವರ್ಗಿ, ಆಳಂದ, ಚಿಂಚೋಳಿ, ಅಫಜಲಪುರ, ಆ ಕಡೆ ಶಹಾಪುರ, ಈ ಕಡೆ ಹುಮನಾಬಾದ್‌ನಿಂದೆಲ್ಲ ಹುಡುಗರು ಬಂದು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುತ್ತಾರೆ. ನಾನು ಬಾಗಿಲ ಹತ್ತಿರದ ಟೇಬಲ್‌ನಲ್ಲಿ ಕೂತಿರುತ್ತೇನೆ. ಎರಡು ತಾಸಿಗೊಮ್ಮೆ ಕುರ್ಚಿ ಸರಿಯುವ ಸದ್ದು ಬರುತ್ತದೆ. ಯಾವಾಗಲೂ ಅದೇ ಏಳೆಂಟು ಕುರ್ಚಿ. "ಒಂದ್ ಐದ್ ನಿಮಿಷ ಬರ್ತೀನ್ರಿ ಅಣ್ಣಾ" ಅಂತ ಕೆಳಗಿಳಿದು, ಎದುರಿನ ಪಾನ್ ಅಂಗಡಿ ಮುಂದೆ ನಿಂತು ಒಂದು ಹಚ್ಚಿ, ಬಡೇಸೋಪು ಅಗಿಯುತ್ತಾ ಮೇಲೆ ಬರುತ್ತಾರೆ.

ಆ ಎರಡು ತಾಸಿನ ಲೆಕ್ಕ ಸುಮ್ನೆ ಬಂದದ್ದಲ್ಲ. ಸೇದಿದ ನಿಕೋಟಿನ್‌ನಲ್ಲಿ ಅರ್ಧದಷ್ಟು ಸುಮಾರು ಎರಡು ತಾಸಿಗೆ ರಕ್ತದಿಂದ ಖಾಲಿಯಾಗುತ್ತದೆ. ಆಗ ತಲೆ ಭಾರ, ಸಣ್ಣದಕ್ಕೂ ಸಿಟ್ಟು, ಓದಿದ ಸಾಲನ್ನೇ ಮತ್ತೆ ಓದೋದು. ಹುಡುಗ ಇದನ್ನು ಪರೀಕ್ಷೆಯ ಟೆನ್ಷನ್ ಅಂದುಕೊಳ್ಳುತ್ತಾನೆ. ಒಂದು ದಮ್ ಎಳೆದರೆ 10-20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟಿ ಹಾಯೆನಿಸುತ್ತದೆ. ಸಿಗರೇಟೇ ತಂದಿಟ್ಟ ಟೆನ್ಷನ್ನನ್ನು ಸಿಗರೇಟೇ ಇಳಿಸಿತು, ಅಷ್ಟೇ. ಪರೀಕ್ಷೆಯ ಟೆನ್ಷನ್ ಇದ್ದಲ್ಲೇ ಇರುತ್ತದೆ.

ನಾನೂ 11 ವರ್ಷ ಸೇದಿದವನು. ಮೂರನೇ ಸಲಕ್ಕೆ ಬಿಟ್ಟೆ. ಅದಕ್ಕೇ ಹುಡುಗರು ನನ್ನ ಹತ್ತಿರ ಬಂದು ಕೇಳುತ್ತಾರೆ, "ಅಣ್ಣಾ, ನಿಕೋಟಿನ್ ಗಮ್ ಛಲೋನೋ, ಗುಳಿಗಿ ಛಲೋನೋ, ಸುಮ್ನ ಬಿಟ್ಟುಬಿಡೋದು ಛಲೋನೋ?" ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ.

ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?

ದಿನಕ್ಕೆ ಎಷ್ಟು ಸೇದುತ್ತೀರಿ ಅನ್ನೋದಕ್ಕಿಂತ ಇದು ಮುಖ್ಯ. ಚಟ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಲು ಡಾಕ್ಟರುಗಳು ಕೇಳುವ ಪ್ರಶ್ನೆಗಳಲ್ಲೂ ಇದೇ ದೊಡ್ಡದು. ಎದ್ದು ಅರ್ಧ ತಾಸಿನೊಳಗೆ ಕೈ ಪ್ಯಾಕೆಟ್‌ಗೆ ಹೋಗುತ್ತದೆ ಅಂದರೆ ಮೈಯೇ ನಿಕೋಟಿನ್ ಕೇಳುತ್ತಿದೆ ಅಂತ ಅರ್ಥ. ರಾತ್ರಿಯೆಲ್ಲ ಉಪವಾಸ ಇದ್ದ ಮೆದುಳು ಅದು. ಮಧ್ಯಾಹ್ನದವರೆಗೆ ನೆನಪೇ ಆಗಲ್ಲ, ಗೆಳೆಯರು ಸೇರಿದಾಗ, ಚಹಾ ಜೊತೆಗೆ ಮಾತ್ರ ಬೇಕು ಅನಿಸುತ್ತದೆ ಅಂದರೆ ನಿಮ್ಮನ್ನು ಹಿಡಿದಿರೋದು ಜಾಗ ಮತ್ತು ಸಂಗ. ಇವೆರಡಕ್ಕೂ ಔಷಧ ಬೇರೆ ಬೇರೆ. ಸಂಗಕ್ಕೆ ಸೇದುವವನು ಗಮ್‌ಗೆ ದುಡ್ಡು ಸುರಿಯೋದು ವ್ಯರ್ಥ. ಎದ್ದ ಕೂಡಲೇ ಸೇದುವವನಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂತ ಹೇಳಿ ಕಳಿಸೋದು ಅನ್ಯಾಯ. ಅವನ ಮನಸ್ಸು ಗಟ್ಟಿಯಾಗಿಯೇ ಇರುತ್ತದೆ, ಮೈ ಬಿಡಲ್ಲ.

ಸಂಗಕ್ಕೆ ಸೇದುವವರು

ದಿನಕ್ಕೆ ಎರಡೋ ಮೂರೋ. ರೂಮಿನಲ್ಲಿ ಒಬ್ಬರೇ ಇದ್ದಾಗ ಬೇಡ. ನಿಮಗೆ ಒಮ್ಮೆಲೇ ಬಿಡೋದೇ ಸರಿ. ಮದ್ದು ಬೇಡ, ಜಾಗ ಬದಲಿಸಿ. ಮೊದಲ ಮೂರು ವಾರ ಅದೇ ಪಾನ್ ಅಂಗಡಿ ಪಕ್ಕದ ಚಹಾ ಅಂಗಡಿಗೆ ಹೋಗಬೇಡಿ. ಚಹಾ ಬೇರೆ ಕಡೆ ಕುಡಿಯಿರಿ, ಸಾಧ್ಯವಾದರೆ ಸೇದದ ಒಬ್ಬ ಗೆಳೆಯನ ಜೊತೆ. ಗುಂಪಿಗೆ ಮೊದಲೇ ಹೇಳಿಬಿಡಿ, ಅದೂ ಅಲ್ಲಿ ನಿಂತಾಗ ಅಲ್ಲ. ಕೈಯಲ್ಲಿ ಸಿಗರೇಟ್ ಹಿಡಿದು "ಬಾರಪಾ, ಒಂದ್ ಎಳದ್ರ ಏನಾಗ್ತದ" ಅನ್ನುವವನ ಎದುರು ವಾದ ಮಾಡೋಕಾಗಲ್ಲ. ಹಿಂದಿನ ರಾತ್ರಿಯೇ ಫೋನಿನಲ್ಲಿ "ನಾನು ಬಿಟ್ಟೀನಿ, ನನಗ ಕೊಡಬ್ಯಾಡ್ರಿ" ಅಂದರೆ ಸಾಕು. ಅಲ್ಲಿ ನಿಂತಾಗ ಕಾರಣ ಕೊಡಬೇಡಿ. "ಬ್ಯಾಡ" ಅನ್ನೋ ಒಂದು ಮಾತು ಸಾಕು. ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಸಿದ್ಧ ಇರುತ್ತದೆ.

ಇನ್ನೂ ಶುರುವೇ ಮಾಡದವರಿಗೂ ಇದೇ ಮಾತು. ಮೊದಲ ಸಿಗರೇಟನ್ನು ಯಾರೂ ದುಡ್ಡು ಕೊಟ್ಟು ಕೊಳ್ಳಲ್ಲ. ಗೆಳೆಯನೇ ಕೊಡುತ್ತಾನೆ. ನನಗೂ ಹಾಗೇ ಸಿಕ್ಕಿದ್ದು, ಡಿಗ್ರಿ ಮೊದಲ ವರ್ಷ, ಜಾತ್ರೆಯಿಂದ ವಾಪಸ್ ಬರುವ ರಾತ್ರಿ.

ಒಮ್ಮೆಲೇನಾ, ಸ್ವಲ್ಪ ಸ್ವಲ್ಪನಾ?

ನಮ್ಮಲ್ಲಿ ಎಲ್ಲರೂ ಹೇಳುವ ಸಲಹೆ "ನಿಧಾನಕ್ಕ ಕಡಿಮಿ ಮಾಡು". ನಾನು ಎರಡು ವರ್ಷ ಇದನ್ನೇ ಮಾಡಿದೆ. ಹತ್ತರಿಂದ ಐದಕ್ಕೆ ಇಳಿಸುತ್ತಿದ್ದೆ. ಆ ಐದನ್ನು ಬೆರಳು ಸುಡುವ ತನಕ, ಆಳವಾಗಿ ಎಳೆಯುತ್ತಿದ್ದೆ. ಕಡಿಮೆ ಸೇದಿದಾಗ ಮೈ ಹಾಗೆಯೇ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಇಡೀ ದಿನ ಮುಂದಿನ ಸಿಗರೇಟಿನದೇ ಯೋಚನೆ. ಒಂದು ಕೆಟ್ಟ ದಿನ ಬಂತು ಅಂದರೆ ಮತ್ತೆ ಹತ್ತು.

ಇದು ನನ್ನೊಬ್ಬನ ಕತೆಯಲ್ಲ. ಬ್ರಿಟನ್‌ನಲ್ಲಿ ಸುಮಾರು 700 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ದಿನ ಗೊತ್ತುಮಾಡಿ ಒಮ್ಮೆಲೇ ಬಿಟ್ಟವರಲ್ಲಿ ನಾಲ್ಕು ವಾರದ ಕೊನೆಗೆ 49% ಜನ ಸೇದದೆ ಉಳಿದಿದ್ದರು, ಎರಡು ವಾರ ಇಳಿಸುತ್ತಾ ಬಂದು ಬಿಟ್ಟವರಲ್ಲಿ 39%. ಎರಡೂ ಗುಂಪಿಗೆ ಗಮ್, ಪ್ಯಾಚ್‌ನಂಥ ನಿಕೋಟಿನ್ ಮದ್ದು, ಜೊತೆಗೆ ಸಲಹೆ ಎರಡೂ ಸಿಕ್ಕಿತ್ತು ಅನ್ನೋದನ್ನು ಮರೆಯಬೇಡಿ. ಯಾವ ನೆರವೂ ಇಲ್ಲದೆ ಬಿಡಲು ನೋಡಿದ ನೂರು ಜನರಲ್ಲಿ ವರ್ಷದ ಹೊತ್ತಿಗೆ ನಿಲ್ಲುವವರು 3ರಿಂದ 5 ಮಂದಿ ಮಾತ್ರ. ಒಂಟಿಯಾಗಿ ಬಿಡಲು ಹೋಗಿ ಸೋತವರು ಹೇಡಿಗಳಲ್ಲ, ಬಹಳ ಜನರಿಗೆ ಆಗೋದೇ ಹಾಗೆ.

ಹಾಗಾಗಿ ನನ್ನ ತೀರ್ಪು: ದಿನ ಗೊತ್ತುಮಾಡಿ ಒಮ್ಮೆಲೇ ಬಿಡಿ, ಆದರೆ ಬರಿಗೈಯಲ್ಲಿ ಬಿಡಬೇಡಿ. "ಕೊನೆಗೆ ಒಂದು ಪ್ಯಾಕ್ ಇರಲಿ" ಅಂತ ಬ್ಯಾಗಿನಲ್ಲಿ ಇಡಬೇಡಿ. ನಮ್ಮ ರಾಜ್ಯದಲ್ಲಿ 2025ರಿಂದ 21 ತುಂಬದವರಿಗೆ ಸಿಗರೇಟ್ ಮಾರುವಂತಿಲ್ಲ, ಒಂದೊಂದೇ ಬಿಡಿಯಾಗಿಯೂ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1,000 ರೂಪಾಯಿ ದಂಡ. ಕಾನೂನು ಇದ್ದರೂ ಬಿಡಿ ಸಿಗರೇಟ್ ಕಣ್ಣೆದುರಿಗೇ ಮಾರಾಟ ಆಗುತ್ತದೆ, ನನಗೆ ಇದರ ಮೇಲೆ ಬಹಳ ಸಿಟ್ಟಿದೆ. ಇಡೀ ಪ್ಯಾಕ್‌ಗೆ ದುಡ್ಡಿಲ್ಲದ ಹುಡುಗನಿಗೆ ದಾರಿ ಮಾಡಿಕೊಡೋದೇ ಆ ಬಿಡಿ ಸಿಗರೇಟ್.

ಗಮ್: ಅಗಿಯೋದು ಕಡಿಮೆ, ಇಡೋದು ಜಾಸ್ತಿ

ಜೇವರ್ಗಿ ಕಡೆಯ ಒಬ್ಬ ಹುಡುಗ, 14ನೇ ಕುರ್ಚಿ. ಎದ್ದ ಕೂಡಲೇ ಒಂದು, ದಿನಕ್ಕೆ ಎಂಟು ಹತ್ತು. ನಾನು ಹೇಳಿದೆ ಅಂತ ಮೆಡಿಕಲ್‌ನಿಂದ ನಿಕೋಟಿನ್ ಗಮ್ ತಂದ. ಅಂಗಡಿಯವರು ಪಟ್ಟಿ ಹರಿದು ಕೊಟ್ಟರು, ಹೇಗೆ ತಿನ್ನಬೇಕು ಅಂತ ಯಾರೂ ಹೇಳಲಿಲ್ಲ. ಅವನು ಬಬಲ್‌ಗಮ್ ಅಗಿದ ಹಾಗೆ ಗಬಗಬ ಅಗಿದ. ಹತ್ತೇ ನಿಮಿಷಕ್ಕೆ ನನ್ನ ಟೇಬಲ್ ಮುಂದೆ ನಿಂತಿದ್ದ, ಕಣ್ಣಲ್ಲಿ ನೀರು, ಬಿಕ್ಕಳಿಕೆ ನಿಲ್ಲುತ್ತಿಲ್ಲ. "ಅಣ್ಣಾ, ಎದಿ ಉರಿಲಿಕತ್ತದ್ರಿ, ಇದು ಬ್ಯಾಡ." ಪಟ್ಟಿಯನ್ನು ನನ್ನ ಟೇಬಲ್ ಮೇಲಿಟ್ಟು ಕೆಳಗಿಳಿದು ಸಿಗರೇಟ್ ಹಚ್ಚಿದ.

ಮರುದಿನ ಕೂರಿಸಿ ತೋರಿಸಿದೆ. ಬಾಯಿಗೆ ಹಾಕಿ ನಿಧಾನಕ್ಕೆ ಏಳೆಂಟು ಸಲ ಅಗಿಯಿರಿ. ಮೆಣಸಿನ ಹಾಗೆ ಚುರುಕ್ ಅಂದಾಗ ನಿಲ್ಲಿಸಿ. ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಡಿ, ಥೇಟ್ ನಮ್ಮವರು ತಂಬಾಕು ಇಡುವ ಜಾಗದಲ್ಲೇ. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ತಾಸು. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಹೋಗಬೇಕು, ಉಗುಳಿನ ಜೊತೆ ಹೊಟ್ಟೆಗೆ ಹೋದರೆ ಉರಿ, ಬಿಕ್ಕಳಿಕೆ ಮಾತ್ರ ಸಿಗುತ್ತದೆ. ಗಮ್ ಹಾಕುವ ಕಾಲು ತಾಸು ಮೊದಲಿನಿಂದ ಕಾಫಿ, ನಿಂಬೆ ಸೋಡಾ, ಜ್ಯೂಸ್ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗಿಳಿಯಲ್ಲ.

2 ಮಿಲಿಗ್ರಾಂ ಗಮ್ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ಚೀಟಿ ಬೇಕು. ಎದ್ದು ಅರ್ಧ ತಾಸಿನೊಳಗೆ ಸೇದುವವರಿಗೆ ಸಾಮಾನ್ಯವಾಗಿ 4ರದು, ಉಳಿದವರಿಗೆ 2ರದು. ಮೊದಲ ಆರು ವಾರ ಒಂದೆರಡು ತಾಸಿಗೊಂದು, ಆಮೇಲಿನ ಮೂರು ವಾರ ಎರಡರಿಂದ ನಾಲ್ಕು ತಾಸಿಗೊಂದು, ಕೊನೆಯ ಮೂರು ವಾರ ಇನ್ನೂ ದೂರ ದೂರ. ಒಟ್ಟು 12 ವಾರ. ನಮ್ಮ ಹುಡುಗರು ಮಾಡುವ ತಪ್ಪು ಅಂದರೆ ಜಿಪುಣತನ, ದಿನಕ್ಕೆ ಎರಡೇ ಗಮ್ ತಿಂದು "ಕೆಲಸ ಮಾಡವಲ್ದು" ಅಂತಾರೆ. ದುಡ್ಡಿನ ಲೆಕ್ಕ ಇಷ್ಟೇ: ಒಂದು ಸಿಗರೇಟಿಗೆ 15 ರೂಪಾಯಿ ಅಂತಲೇ ಹಿಡಿಯಿರಿ, ದಿನಕ್ಕೆ ಎಂಟು ಅಂದರೆ 120, ತಿಂಗಳಿಗೆ 3,600. ನನ್ನ ರೀಡಿಂಗ್ ರೂಮಿನ ತಿಂಗಳ ಫೀಸು 700.

ಪ್ಯಾಚ್ ಮತ್ತು ಗುಳಿಗೆ

ಪ್ಯಾಚ್ ಅಂದರೆ ತೋಳಿಗೆ ಅಂಟಿಸುವ ಪಟ್ಟಿ. ಇಡೀ ದಿನ ನಿಧಾನಕ್ಕೆ ನಿಕೋಟಿನ್ ಬಿಡುತ್ತದೆ. ಗಮ್ ಹಾಗಲ್ಲ, ತಲಬು, ಅಂದರೆ ಸೇದಲೇಬೇಕು ಅನ್ನೋ ಚಡಪಡಿಕೆ, ಎದ್ದ ಹೊತ್ತಿಗೆ ಬಳಸುವಂಥದ್ದು. ಜಾಸ್ತಿ ಸೇದುವವರಿಗೆ ಡಾಕ್ಟರು ಎರಡನ್ನೂ ಸೇರಿಸಿ ಕೊಡುತ್ತಾರೆ, ಅದು ಒಂದೊಂದೇ ಬಳಸೋದಕ್ಕಿಂತ ಜೋರು. ಪ್ಯಾಚ್ ನಮ್ಮ ಊರಿಗೆ ಒಂದು ತೊಂದರೆ ಕೊಡುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಬೆವರಿ ಅಂಟು ಬಿಡುತ್ತದೆ. ಸ್ನಾನ ಮಾಡಿ ಚೆನ್ನಾಗಿ ಒರೆಸಿ, ಕೂದಲಿಲ್ಲದ ಜಾಗಕ್ಕೆ, ದಿನಾ ಬೇರೆ ಜಾಗಕ್ಕೆ ಹಚ್ಚಿ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ತೆಗೆಯಬಹುದು.

ಗುಳಿಗೆ ಅಂದರೆ ಬುಪ್ರೋಪಿಯಾನ್, ವರೆನಿಕ್ಲಿನ್. ಇವು ಡಾಕ್ಟರ ಚೀಟಿ ಮೇಲೆ ಮಾತ್ರ. ಎರಡನ್ನೂ ಸಾಮಾನ್ಯವಾಗಿ ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರು ಮಾಡಬೇಕು. ಫಿಟ್ಸ್ ಇದ್ದವರಿಗೆ ಬುಪ್ರೋಪಿಯಾನ್ ಆಗಲ್ಲ. ಗೆಳೆಯನಿಗೆ ಬರೆದ ಗುಳಿಗೆ ನೀವು ನುಂಗಬೇಡಿ. 18 ತುಂಬದವರು ಗಮ್ ಸೇರಿ ಯಾವ ಮದ್ದನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಗಮ್, ಪ್ಯಾಚ್‌ನಂಥ ನಿಕೋಟಿನ್ ಮದ್ದು ಬಿಡುವ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸುತ್ತದೆ. "ನಿಕೋಟಿನ್ ಬಿಡೋಕೆ ನಿಕೋಟಿನ್ನಾ?" ಅಂತ ಅಪ್ಪ ಅಮ್ಮ ಕೇಳುತ್ತಾರೆ. ಚಟ ಹಿಡಿಸೋದು ನಿಕೋಟಿನ್ ಹೌದು, ಆದರೆ ಶ್ವಾಸಕೋಶ, ಹೃದಯ ಹಾಳು ಮಾಡೋದು ಮುಖ್ಯವಾಗಿ ಹೊಗೆಯಲ್ಲಿನ ಟಾರು, ಕಾರ್ಬನ್ ಮೊನಾಕ್ಸೈಡ್ ಮತ್ತು ಉಳಿದ ವಿಷ. ಗಮ್‌ನಲ್ಲಿ ಹೊಗೆ ಇಲ್ಲ.

ಫೋನಾ, ಆಸ್ಪತ್ರೆನಾ?

ಸಿಗರೇಟ್ ಪ್ಯಾಕಿನ ಮೇಲೆಯೇ 1800-11-2356 ಅಂತ ನಂಬರ್ ಇರುತ್ತದೆ. ಅದನ್ನು ನೋಡಿದವರು ಬಹಳ, ಒತ್ತಿದವರು ಕಡಿಮೆ. ಅದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. 2016ರಲ್ಲಿ ದಿಲ್ಲಿಯಲ್ಲಿ ಶುರುವಾಗಿ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಬಿಡುವ ದಿನ ಯಾವುದು ಅಂತ ನಿಮ್ಮ ಜೊತೆ ಗೊತ್ತುಮಾಡಿ, ಆಮೇಲೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಹಾಸ್ಟೆಲಿನಲ್ಲಿರುವ ಹುಡುಗಿಯರಿಗೆ ನಾನು ಮೊದಲು ಹೇಳೋದು ಇದನ್ನೇ. ಅವರಲ್ಲೂ ಸೇದುವವರಿದ್ದಾರೆ, ಆದರೆ ಊರಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ. ಫೋನಿನಲ್ಲಿ ಮುಖ ಕಾಣಲ್ಲ.

ಆಸ್ಪತ್ರೆಯ ಲಾಭ ಬೇರೆ. ಅಲ್ಲಿ ಪರೀಕ್ಷೆ ಮಾಡುತ್ತಾರೆ, ಗುಳಿಗೆ ಬರೆಯುತ್ತಾರೆ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಕೌಂಟರಿನಲ್ಲಿ "ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ" ಅಂತ ಕೇಳಿ, ಗೊತ್ತಿಲ್ಲ ಅಂದರೆ ಮನೋರೋಗ ವಿಭಾಗದ ಒಪಿಡಿಗೆ ಚೀಟಿ ಮಾಡಿಸಿ. ಆ ವಿಭಾಗದ ಹೆಸರು ಕೇಳಿ ಹುಡುಗರು ಹಿಂದೆ ಸರಿಯುತ್ತಾರೆ. ನಾನು ಅಲ್ಲೇ ಹೋಗಿದ್ದೆ, ಅಲ್ಲೇ ಬಿಟ್ಟೆ. ಚಟ ಬಿಡಿಸುವ ಕೆಲಸ ಗೊತ್ತಿರೋ ಡಾಕ್ಟರು ಅಲ್ಲೇ ಇರೋದು.

ಎದ್ದ ಕೂಡಲೇ ಸೇದುವವರು, ಹಿಂದೆ ಎರಡು ಸಲ ಸೋತವರು, ಕುಡಿತವೂ ಜೊತೆಗಿರುವವರು ಆಸ್ಪತ್ರೆಗೇ ಹೋಗಿ. ಉಳಿದವರಿಗೆ ಫೋನ್ ಸಾಕು.

ಬದಲಿ ಅಂತ ಸಿಗುವ ಸುಳ್ಳುಗಳು

ವೇಪ್: ಇ-ಸಿಗರೇಟಿಗೆ 2019ರಿಂದ ದೇಶದಲ್ಲೇ ನಿಷೇಧ. ಕದ್ದು ಸಿಗುವ ಮಾಲಿನಲ್ಲಿ ಎಷ್ಟು ನಿಕೋಟಿನ್ ಇದೆ, ಇನ್ನೇನಿದೆ ಯಾರಿಗೂ ಗೊತ್ತಿರಲ್ಲ. ಹುಕ್ಕಾ: ನೀರಿನಲ್ಲಿ ಹಾದು ಬಂದರೆ ಹೊಗೆ ತೊಳೆದಂತಲ್ಲ, ಒಂದು ತಾಸು ಕೂತರೆ ಒಂದು ಸಿಗರೇಟಿಗಿಂತ ಎಷ್ಟೋ ಪಟ್ಟು ಹೊಗೆ ಒಳಗೆ ಹೋಗುತ್ತದೆ. ಬೀಡಿ: "ಎಲಿದು, ನ್ಯಾಚುರಲ್" ಅಂತಾರೆ. ಬೀಡಿ ಸುತ್ತುವ ತೆಂದು ಎಲೆ ಸರಿಯಾಗಿ ಉರಿಯಲ್ಲ, ಆರಿಹೋಗದಿರಲಿ ಅಂತ ಜೋರಾಗಿ, ಪದೇಪದೇ ಎಳೆಯಬೇಕಾಗುತ್ತದೆ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಭಯ ಗುಟ್ಕಾದ್ದು. ಸಿಗರೇಟ್ ಬಿಟ್ಟೆ ಅಂತ ಖುಷಿಯಿಂದ ಹೇಳಿದ ಹುಡುಗನ ಬಾಯಿ ನೋಡಿದರೆ ಕೆಂಪಗಿರುತ್ತದೆ. ಕರ್ನಾಟಕದಲ್ಲಿ ಗುಟ್ಕಾಗೆ 2013ರಲ್ಲೇ ನಿಷೇಧ ಬಂತು, ಆದರೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಅಂತ ಜೋಡಿಯಾಗಿ ಸಿಗುತ್ತದೆ. ಕೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಮೊದಲು ಬಾಯಿ ಉರಿ, ಖಾರ ತಿನ್ನೋಕಾಗಲ್ಲ, ಆಮೇಲೆ ಬಾಯಿ ಪೂರ್ತಿ ತೆರೆಯೋಕೇ ಆಗಲ್ಲ, ಕೊನೆಗೆ ಕ್ಯಾನ್ಸರ್. ನಿಮ್ಮದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತವಾ ನೋಡಿ. ಹೋಗಲ್ಲ ಅಂದರೆ ನಾಳೆಯೇ ಡೆಂಟಲ್ ಡಾಕ್ಟರ ಹತ್ತಿರ ಹೋಗಿ.

ಮೊದಲ ವಾರದ ಸಣ್ಣ ಸಂಗತಿಗಳು

ಎರಡನೇ, ಮೂರನೇ ದಿನವೇ ಎಲ್ಲಕ್ಕಿಂತ ಕಷ್ಟ. ಆಮೇಲೆ ಇಳಿಯುತ್ತಾ ಹೋಗಿ ಎರಡರಿಂದ ನಾಲ್ಕು ವಾರದಲ್ಲಿ ಮೈ ಒಗ್ಗುತ್ತದೆ. ಒಂದೊಂದು ತಲಬು ಐದಾರು ನಿಮಿಷ ಇರುತ್ತದೆ. ನೀರು ಕುಡಿಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಲವಂಗ ಅಗಿಯಿರಿ, ಅದು ದಾಟುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ ಇದೆ: "ಬೆಳಿಗ್ಗಿ ಒಂದ್ ಸೇದಲಿಲ್ಲಂದ್ರ ಸಂಡಾಸ್ ಆಗಂಗಿಲ್ರಿ." ನಾಚಿಕೆ ಪಡಬೇಡಿ, ಇದು ನಿಜವಾದ ತೊಂದರೆ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಬಿಟ್ಟಾಗ ಕೆಲವು ದಿನ ಮಲಬದ್ಧತೆ ಆಗುತ್ತದೆ. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ಕಾಲು ತಾಸು ನಡಿಗೆ, ಊಟಕ್ಕೆ ಜೋಳದ ರೊಟ್ಟಿ, ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು. ಒಂದೆರಡು ವಾರಕ್ಕೆ ಸರಿಹೋಗುತ್ತದೆ.

ಇನ್ನೊಂದು, ಚಹಾ ಅರ್ಧಕ್ಕೆ ಇಳಿಸಿ. ಹೊಗೆ ಸೇದುವವರ ಮೈ ಚಹಾ ಕಾಫಿಯ ಕೆಫಿನ್ ಬೇಗ ಕರಗಿಸುತ್ತದೆ. ಸಿಗರೇಟ್ ನಿಲ್ಲಿಸಿದ ಮೇಲೆ ಅಷ್ಟೇ ಚಹಾ ಕುಡಿದರೆ ರಕ್ತದಲ್ಲಿ ಕೆಫಿನ್ ಜಾಸ್ತಿ ಉಳಿದು ಕೈ ನಡುಕ, ನಿದ್ದೆ ಇಲ್ಲ. ಹುಡುಗರು ಅದನ್ನೂ ಸಿಗರೇಟ್ ಬಿಟ್ಟದ್ದರ ತಲೆಗೆ ಕಟ್ಟಿ ಮತ್ತೆ ಹಚ್ಚುತ್ತಾರೆ.

ನಡುವೆ ಒಂದು ಸೇದಿಬಿಟ್ಟಿರಾ? ಆ ಪ್ಯಾಕನ್ನು ಅಲ್ಲೇ ಬಿಸಾಕಿ, ಮುಂದಿನ ಗಮ್ ಹೊತ್ತಿಗೆ ಗಮ್ ಹಾಕಿ. ಲೆಕ್ಕ ಮೊದಲಿಂದ ಶುರು ಅಂತ ಕೂರಬೇಡಿ. 40 ವರ್ಷ ಆಗುವ ಮೊದಲು ಬಿಟ್ಟವರು, ಮುಂದುವರಿಸಿದ್ದರೆ ಬರುತ್ತಿದ್ದ ಸಾವಿನ ಅಪಾಯದಲ್ಲಿ ಸುಮಾರು 90% ತಪ್ಪಿಸಿಕೊಳ್ಳುತ್ತಾರೆ. ನಿಮಗಿನ್ನೂ 20, 22.

ಮನೆಯವರಿಗೆ ಒಂದು ಮಾತು. ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿದ ಕೂಡಲೇ ಬೈದು ಹೊಡೆದರೆ ಹುಡುಗ ಸಿಗರೇಟ್ ಬಿಡಲ್ಲ, ಬೆಂಕಿಪೊಟ್ಟಣ ಇಡುವ ಜಾಗ ಬದಲಿಸುತ್ತಾನೆ. "ಬೆಳಗ್ಗೆ ಎಷ್ಟು ಹೊತ್ತಿಗೆ ಮೊದಲನೇದು?" ಅಂತ ಮೆಲ್ಲಗೆ ಕೇಳಿ ನೋಡಿ. ಅಪ್ಪನೂ ಸೇದುವವರಾದರೆ ಇಬ್ಬರೂ ಒಂದೇ ದಿನ ಬಿಡಿ.

ದಿನ ಗೊತ್ತುಮಾಡುವಾಗ ಸೋಮವಾರ ಬೇಡ, ಕ್ವಿಟ್‌ಲೈನ್ ರಜೆ. ಮಂಗಳವಾರ ಇಟ್ಟುಕೊಂಡರೆ ಕಷ್ಟದ ಎರಡನೇ, ಮೂರನೇ ದಿನ ಬುಧವಾರ, ಗುರುವಾರ ಬರುತ್ತದೆ, ಎರಡೂ ದಿನ ಫೋನ್ ಎತ್ತಲು ಜನ ಇರುತ್ತಾರೆ. 14ನೇ ಕುರ್ಚಿಯವನಿಗೆ ಈಗ ಒಂಬತ್ತನೇ ವಾರ. ಆ ಕುರ್ಚಿಯ ಸದ್ದು ಎರಡು ತಾಸಿಗೆ ಈಗ ಬರಲ್ಲ, ಊಟದ ಹೊತ್ತಿಗೇ ಬರುತ್ತದೆ. ನನ್ನ ಟೇಬಲ್ ಮೇಲೆ ಲವಂಗ, ಯಾಲಕ್ಕಿಯ ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು.